ಅಂದವಾದ ಗೆರೆ ಬೇಕೆಂದ ಊರು

ಆ ಊರಿಗೆಲ್ಲ ಒಂದೇ ತೊಲೆ.

ಮನೆ ಎಷ್ಟೆಂದು ಕೇಳಬೇಡಿ. ಎಣಿಸಲು ಹೊರಟವರು ಅರ್ಧಕ್ಕೇ ಬಿಟ್ಟು ಬಂದು ಬೇರೆ ಕಸುಬು ಹಿಡಿದಿದ್ದಾರೆ. ಬೀದಿ ಎಷ್ಟೆಂದೂ ಕೇಳಬೇಡಿ. ಹದಿನಾರು ಮೊಳದ ಸೀರೆಯನ್ನು ಅಂಗೈಯಗಲದ ಡಬ್ಬಿಗೆ ತುರುಕಿದರೆ ಅದು ಹೇಗೆ ಮಡಿಕೆಯ ಮೇಲೆ ಮಡಿಕೆಯಾಗಿ ಮುದುಡಿ ಕೂರುತ್ತದೋ, ಹಾಗೆ ಆ ಊರಿನ ಬೀದಿಗಳೆಲ್ಲ ಒಂದು ದುಂಡು ಕೋಟೆಯೊಳಗೆ ಮುದುಡಿ ಕೂತಿದ್ದವು. ಎದುರು ಮನೆಗೆ ಎರಡು ಹೆಜ್ಜೆ ಸಾಕು. ಅದರ ಪಕ್ಕದ ಮನೆಗೆ ಅರ್ಧ ದಿನದ ಸುತ್ತು. ಆದರೆ ತೊಲೆ ಮಾತ್ರ ಒಂದೇ. ಬಳ್ಳಿಯ ಹಾಗೆ ಬಳುಕುತ್ತಾ, ಈ ಮನೆಯ ಗೋಡೆ ತೂರಿ, ಆ ಮನೆಯ ಸೂರು ಹಾಯ್ದು, ಒಂದು ಮನೆಯನ್ನೂ ಬಿಡದೆ ಊರೆಲ್ಲ ಹೋಗಿತ್ತು. ಯಾರು ಕಡಿದು ತಂದರು, ಯಾರು ಏರಿಸಿದರು ಎಂದು ಕೇಳಿದರೆ ಊರಿನವರು, "ಅದು ನಮಗಿಂತ ಮೊದಲೇ ಇತ್ತು. ನಾವು ಆಮೇಲೆ ಬಂದು ಜೋತುಬಿದ್ದವರು" ಎನ್ನುತ್ತಿದ್ದರು. ಸುಳ್ಳೇನಲ್ಲ. ಪ್ರತಿ ಮನೆಯಲ್ಲೂ ಆ ತೊಲೆಗೆ ಒಂದು ತೂಗುಮಣೆ ಜೋತುಬಿದ್ದಿತ್ತು, ಮಣೆಯ ಮೇಲೆ ಒಬ್ಬರು ಕೂತಿದ್ದರು.

ಬೇರೆ ಊರುಗಳಲ್ಲಿ ತೂಗುಮಣೆ ಇರುವುದು ಊಟವಾದ ಮೇಲೆ ಕೂತು ತೇಗುವುದಕ್ಕೆ. ಇಲ್ಲಿ ಹಾಗಲ್ಲ, ಇಲ್ಲಿ ತೂಗುವುದೇ ಕೆಲಸ. ಒಂದೊಂದು ಮಣೆಯ ಕೆಳಗೂ ಒಂದೊಂದು ದಾರ, ದಾರದ ಆ ತುದಿಗೆ ಒಂದೊಂದು ಕೆಲಸ. ಈ ಮಣೆ ತೂಗಿದರೆ ಬಾವಿಯ ನೀರು ಮೇಲೆ ಬರುತ್ತದೆ. ಆ ಮಣೆ ತೂಗಿದರೆ ಕೋಟೆಯ ಬಾಗಿಲು ತೆರೆಯುತ್ತದೆ. ಅದರಾಚೆಯದು ತೂಗಿದರೆ ಮುಚ್ಚುತ್ತದೆ. ಒಂದು ಬೀದಿ ತೂಗಿದರೆ ಊರಿಗೆ ಮಾತು ಬರುತ್ತದೆ, ಒಂದು ಬೀದಿ ತೂಗಿದರೆ ನಿನ್ನೆಯದು ನೆನಪಾಗುತ್ತದೆ, ಯಾವುದೋ ಮೂಲೆಯ ಸಣ್ಣ ಓಣಿಯೊಂದು ತೂಗಿದರೆ ಊರಿಗೆಲ್ಲ ಕಾರಣವೇ ಇಲ್ಲದೆ ಖುಷಿಯಾಗುತ್ತದೆ. ಆ ಓಣಿ ಯಾವುದೆಂದು ಗೊತ್ತಾದರೆ ನಾನೇ ಹೋಗಿ ಅಲ್ಲೊಂದು ಬಾಡಿಗೆ ಮನೆ ಹಿಡಿಯುತ್ತಿದ್ದೆ.

ಹಾಗಂತ ಮನಸ್ಸು ಬಂದಾಗ ತೂಗುವ ಹಾಗಿಲ್ಲ. ಕಣ್ಣು ಮುಚ್ಚಿ, ಹಗ್ಗ ಹಿಡಿದು, ತೊಲೆಯಲ್ಲಿ ಬರುವ ಎಳೆತಕ್ಕೆ ಕಾಯಬೇಕು. ಅಲ್ಲೊಬ್ಬ ತೂಗಿದ, ಇಲ್ಲೊಬ್ಬಳು ತೂಗಿದಳು. ನಿಮ್ಮ ಹಗ್ಗದಲ್ಲಿ ಜುಮ್ಮೆಂದಿತು. ಒಂದು ಎಳೆತ ಬಂದರೆ ಕದಲಬಾರದು. ಎರಡು ಬಂದರೂ ಕದಲಬಾರದು. ಸಾಕಷ್ಟು ಬಂದವೋ, ಆಗ ಕಾಲನ್ನು ನೆಲಕ್ಕೊದ್ದು ಒಂದು ಜೀಕು. ಒಂದೇ ಒಂದು. ಅರ್ಧ ಜೀಕು ಅಂತ ಇಲ್ಲ, ಒಂದೂವರೆ ಜೀಕು ಅಂತಲೂ ಇಲ್ಲ. ಜೀಕಿದ ಮೇಲೆ ಒಂದು ಉಸಿರಿನಷ್ಟು ಹೊತ್ತು, ಸಾಕ್ಷಾತ್ ಮಾವನವರೇ ಬಂದು ಎದುರು ನಿಂತರೂ ಮತ್ತೆ ಜೀಕುವಂತಿಲ್ಲ.

ಇದೆಲ್ಲದರ ಮೇಲೆ ಒಂದು ಕಟ್ಟಳೆ ಇತ್ತು. ಅದನ್ನು ಕೂಸುಗಳಿಗೆ ಮಾತು ಬರುವ ಮೊದಲೇ ಕಲಿಸುತ್ತಿದ್ದರು:

ಒಬ್ಬರು ಹೋದಾಗ ಒಬ್ಬರು ಬರಬೇಕು. ಇಬ್ಬರೂ ಹೋದರೆ ಒಬ್ಬರು ನಿಲ್ಲಬೇಕು. ಊರೆಲ್ಲ ಒಟ್ಟಿಗೆ ಎಂದೂ ಜೀಕಬಾರದು.

ಕಟ್ಟಳೆ ಮಾಡಿಬಿಟ್ಟರೆ ಜನ ಕೇಳುತ್ತಾರೆಯೇ? ಪಕ್ಕದ ಮನೆಯವನು ಹಾಯಾಗಿ ಹೋಗುತ್ತಿದ್ದರೆ ಅವನ ಜೊತೆಗೇ ಹೋಗೋಣ ಅನ್ನಿಸುವುದು ಸಹಜ. ಅದಕ್ಕೇ ಐದು ಮನೆಗೊಬ್ಬರಂತೆ ಅಡ್ಡಗಾಲಿನವರಿದ್ದರು. ಇವರಿಗೆ ಮಣೆಯಿಲ್ಲ. ಐದು ಮನೆಗಳ ಬಾಗಿಲು ಕೂಡುವ ಕಡೆ ಒಂದು ಕಲ್ಲುಕಟ್ಟೆ, ಕಟ್ಟೆಯ ಮೇಲೆ ಇವರು. ಯಾರ ಮಣೆ ಪಕ್ಕದವರ ಮಣೆಯ ಜೊತೆ ತಾಳ ಕೂಡಿಸುತ್ತಿದೆ ಎನ್ನಿಸಿತೋ, ಆ ಮಣೆ ಬಾಗಿಲಾಚೆ ಬಂದ ಕೂಡಲೇ ಕಾಲು ಚಾಚಿ ಅಡ್ಡ ಇಡುವುದು. ಅಷ್ಟೇ ಉದ್ಯೋಗ. ಹುಟ್ಟಿದಾಗಿಂದ ಸಾಯುವವರೆಗೆ ಬೇಡ, ಬೇಡ, ಈಗ ಬೇಡ, ನೀನು ಬೇಡ. ಊರಿನವರು ಇವರಿಗೆ ಏನೇನು ಹೆಸರಿಟ್ಟಿದ್ದರು ಎಂಬುದನ್ನು ಇಲ್ಲಿ ಬರೆಯಲಾಗದು.

ಅವರಲ್ಲಿ ಎಲ್ಲರಿಗಿಂತ ಹಳಬಳು, ಹೆಬ್ಬಾಗಿಲ ಬೀದಿಯ ಅಡ್ಡಗಾಲಮ್ಮ. ಅವಳ ಅಂಗಾಲು ಎತ್ತಿನ ಗೊರಸಿನಂತಾಗಿತ್ತು. ಅವಳ ಕಟ್ಟೆಗೆ ಎದುರಾಗಿಯೇ ಮಗಳ ಮನೆ. ಮಗಳಿಗೆ ಮೊನ್ನೆ ತಾನೇ ಹೆರಿಗೆಯಾಗಿ, ಮಣೆಯ ಪಕ್ಕದಲ್ಲೇ ಅದೇ ತೊಲೆಗೆ ಒಂದು ತೊಟ್ಟಿಲು ಕಟ್ಟಿದ್ದರು. ಅಡ್ಡಗಾಲಮ್ಮ ಕಟ್ಟೆಯ ಮೇಲಿಂದ ಒಂದು ಕಾಲಿನಲ್ಲಿ ಮಗಳ ಮಣೆ ತಡೆಯುವಳು, ಇನ್ನೊಂದು ಕಾಲಿನ ಹೆಬ್ಬೆರಳಿನಲ್ಲಿ ಮೊಮ್ಮಗಳ ತೊಟ್ಟಿಲು ತೂಗುವಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಅಷ್ಟು ಸಿಕ್ಕಿಯೂ ಇತ್ತು.

ಅಷ್ಟರಲ್ಲಿ ಊರಿಗೆ ಹೊಸ ಯಜಮಾನ ಬಂದ. ಶಿಸ್ತುಗಾರ. ಅವನ ಮೀಸೆಯ ಎರಡು ತುದಿಗಳನ್ನು ಅಳತೆಕಡ್ಡಿ ಹಿಡಿದು ನೋಡಿದರೂ ಕೂದಲೆಳೆಯ ವ್ಯತ್ಯಾಸ ಸಿಗುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಆ ಊರಿಗೆ ಗೆರೆಗಾರ ಬರುತ್ತಿದ್ದ. ಅವನು ತೊಲೆಗೆ ಒಂದು ಬಿದಿರುಕಡ್ಡಿ ಕಟ್ಟಿ, ಅದರ ತುದಿಯನ್ನು ಕಾಡಿಗೆಯಲ್ಲಿ ಅದ್ದಿ, ಕೆಳಗೆ ಒಂದು ಬಿಳಿ ಬಟ್ಟೆಯನ್ನು ಮೆಲ್ಲಗೆ ಎಳೆಯುವನು. ಊರು ತೂಗಿದಂತೆ ತೊಲೆ ನಡುಗುವುದು, ತೊಲೆ ನಡುಗಿದಂತೆ ಕಡ್ಡಿ ನಡುಗುವುದು, ಬಟ್ಟೆಯ ಮೇಲೆ ಗೆರೆ ಬೀಳುವುದು. ಗೆರೆಗಾರ ಅದನ್ನು ನೋಡಿ, "ಚೆನ್ನಾಗಿದೆ" ಎಂದು ಒಂದು ಲೋಟ ಮಜ್ಜಿಗೆ ಕುಡಿದು ಹೋಗುವನು. ಹಿಂದಿನ ಯಜಮಾನರು ಯಾರೂ ಗೆರೆಯನ್ನು ನೋಡುವ ಗೋಜಿಗೆ ಹೋದವರಲ್ಲ. ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು. ಈ ಯಜಮಾನ ನೋಡಿದ.

"ಇದೇನಯ್ಯಾ ಇದು?"

"ನಿಮ್ಮೂರು, ಯಜಮಾನರೇ."

"ಕೋಳಿ ಕೆದಕಿದ ಹಾಗಿದೆ!"

"ಹೌದು, ಹಾಗೇ ಇರಬೇಕು. ಒಂದೆಳೆ ಮೇಲೆ, ಒಂದೆಳೆ ಕೆಳಗೆ, ಒಂದಕ್ಕೊಂದು ಸಂಬಂಧ ಇಲ್ಲ ಅನ್ನೋ ಹಾಗೆ. ಭರ್ತಿ ಆರೋಗ್ಯ."

"ನನ್ನ ಊರಿನ ಗೆರೆ ಇದು! ನಾಲ್ಕು ಜನದ ಮುಂದೆ ಹಿಡಿಯೋದಕ್ಕಾಗುತ್ತಾ? ನೀನು ಇಷ್ಟು ಊರು ತಿರುಗಿದೀಯಲ್ಲ, ಒಂದಾದರೂ ಅಂದವಾದ ಗೆರೆ ನೋಡೇ ಇಲ್ವಾ?"

ಗೆರೆಗಾರ ಸತ್ಯವಂತ. ಸತ್ಯವಂತರಿಂದ ಆಗುವ ಅನಾಹುತ ಒಂದೆರಡಲ್ಲ. "ನೋಡದೇ ಏನು," ಎಂದ. "ಸೀರೆಯ ಸೆರಗಿನ ಹಾಗಿತ್ತು. ಒಂದೇ ಎತ್ತರ, ಒಂದೇ ಅಗಲ, ಗೋಪುರದ ಪಕ್ಕ ಗೋಪುರ, ಗೋಪುರದ ಪಕ್ಕ ಗೋಪುರ. ನೋಡ್ತಾ ನಿಂತುಬಿಟ್ಟೆ. ಆದರೆ ಅದು—"

ಯಜಮಾನ ಆಗಲೇ ಎದ್ದು ಹೋಗಿದ್ದ. ಗೆರೆಗಾರ ಉಳಿದ ಮಾತನ್ನು ಮಜ್ಜಿಗೆಯ ಲೋಟಕ್ಕೆ ಹೇಳಿ, ಲೋಟ ಕೆಳಗಿಟ್ಟು, ಮುಂದಿನ ಊರಿನ ಕಡೆ ನಡೆದ.

ಮರುದಿನವೇ ಡಂಗುರ. ಊರು ಇನ್ನು ಮೇಲೆ ಒಂದೇ ತಾಳಕ್ಕೆ ತೂಗತಕ್ಕದ್ದು. ಹಳೆಯ ಕಟ್ಟಳೆ ರದ್ದು. ಅಡ್ಡಗಾಲಿನವರೆಲ್ಲರಿಗೂ ಬಡ್ತಿ.

ನೋಡಿ, ಅವರನ್ನು ಓಡಿಸುತ್ತೇನೆ ಎಂದಿದ್ದರೆ ಊರಲ್ಲಿ ನಾಲ್ಕು ಜನವಾದರೂ ಗೊಣಗುತ್ತಿದ್ದರೇನೋ. ಯಜಮಾನ ಹಾಗೆ ಮಾಡಲಿಲ್ಲ. ಪ್ರತಿಯೊಬ್ಬರಿಗೂ ಒಂದೊಂದು ಹೊಸ ತೂಗುಮಣೆ ಮಾಡಿಸಿದ, ಮೇಲೊಂದು ರೇಷ್ಮೆಯ ದಿಂಬು ಇಡಿಸಿದ. ಜನ್ಮವಿಡೀ ಕಲ್ಲಿನ ಮೇಲೆ ಕೂತು ಬೈಸಿಕೊಂಡವರು ದಿಂಬಿನ ಮೇಲೆ ಕೂತು ಕಣ್ಣೀರು ಹಾಕಿದರು. ಮೊದಲ ಸಲ ಜೀಕಿದಾಗ, "ಅಯ್ಯೋ, ಇಷ್ಟು ಸುಖ ಅಂತ ಗೊತ್ತಿದ್ದರೆ ನಾವು ಯಾರನ್ನೂ ತಡೀತಾನೇ ಇರಲಿಲ್ಲ" ಎಂದರಂತೆ. ಎಲ್ಲರೂ ಏರಿದರು, ಒಬ್ಬಳ ಹೊರತು.

"ಏನಮ್ಮಾ, ದಿಂಬು ಮೆತ್ತಗಿಲ್ವೇ?" ಎಂದ ಯಜಮಾನ, ಅವಳ ಕಟ್ಟೆಗೇ ಬಂದು.

"ಮೆತ್ತಗಿದೆ ಬುದ್ಧಿ. ಕೂತರೆ ನಿದ್ದೆ ಬರುತ್ತೆ. ನನಗೆ ನಿದ್ದೆ ಬಂದರೆ ಈ ಐದು ಮನೆ ಒಂದಾಗಿಬಿಡ್ತವೆ."

"ಒಂದಾಗಲಿ! ಒಂದಾಗಲಿ ಅಂತಾನೇ ಹೇಳ್ತಿರೋದು! ಒಗ್ಗಟ್ಟು ಕೆಟ್ಟದ್ದೇನಮ್ಮ?"

"ಊಟಕ್ಕೆ ಕೂತಾಗ ಒಳ್ಳೇದು. ತೊಲೆಗೆ ಜೋತುಬಿದ್ದಾಗ ಅಲ್ಲ."

"ನಿನ್ನ ಕಾಲಿಗೆ ಇಷ್ಟು ವರ್ಷ ಏನು ಸಿಕ್ಕಿದೆ ಹೇಳು? ಬೈಗುಳ ತಾನೇ?"

"ಬೈಗುಳ, ಒಂದಿಷ್ಟು ತರಚಿದ ಗಾಯ, ಮತ್ತೆ ನಿಂತಿರೋ ಊರು."

ಯಜಮಾನನಿಗೆ ರೇಗಿತು. ಊರಿನ ನಿಯಮವೊಂದು ಅವನ ನೆರವಿಗೆ ಬಂತು: ಜೀಕುವ ಕಾಲೂ ತಡೆಯುವ ಕಾಲೂ ಎರಡೂ ಇಲ್ಲದವರಿಗೆ ಕೋಟೆಯೊಳಗೆ ಜಾಗವಿಲ್ಲ. ತಡೆಯುವ ಕೆಲಸ ರದ್ದಾಗಿದೆ, ಜೀಕುವ ಕೆಲಸ ಅವಳು ಒಲ್ಲಳು. ಅಲ್ಲಿಗೆ ಆಯಿತು. ಅಡ್ಡಗಾಲಮ್ಮನನ್ನು ಹೆಬ್ಬಾಗಿಲ ಹೊರಗೆ ಬಿಟ್ಟು ಬಾಗಿಲು ಮುಚ್ಚಿಸಿದರು. ಮತ್ತೆ ಒಳಗೆ ಬರಬೇಕಾದರೆ ಯಜಮಾನನ ಬಾಯಿಂದಲೇ ಮಾತು ಬರಬೇಕು.

ಮಗಳು ಬಾಗಿಲ ಸಂದಿಯಿಂದ, "ಅಮ್ಮಾ, ಸುಮ್ನೆ ಒಂದು ಸಲ ದಿಂಬಿನ ಮೇಲೆ ಕೂತು ಎದ್ದಿದ್ದರೆ ಏನಾಗ್ತಿತ್ತು? ಕೂಸಿನ ಮುಖ ನೋಡೋದಾದರೂ ಬೇಡ್ವಾ ನಿಂಗೆ?" ಎಂದಳು.

"ನೋಡಬೇಕು ಕಣೇ. ಇನ್ನೇನು ನೋಡೋದಿದೆ ನನಗೆ? ಆದರೆ ತೊಟ್ಟಿಲು ಕಟ್ಟಿರೋದೂ ಅದೇ ತೊಲೆಗೇ ಅಲ್ವಾ?" ಎಂದಳು ಅಡ್ಡಗಾಲಮ್ಮ. ಹೇಳಿ ಬಾಗಿಲಿಗೆ ಬೆನ್ನು ಕೊಟ್ಟು, ಕೋಟೆಯ ಹೊರಗೆ, ಕಾಲು ಚಾಚಿಕೊಂಡು ಕೂತಳು. ಚಾಚಿದ ಕಾಲಿಗೆ ಏನೂ ಸಿಗಲಿಲ್ಲ.

ಒಳಗೆ ಅಭ್ಯಾಸ ಶುರುವಾಯಿತು. ಮೂರು ದಿನ ಊರು ಕಣ್ಣು ಮುಚ್ಚಲಿಲ್ಲ. ನಿದ್ದೆಗೆಟ್ಟ ಕೈಗೆ ಎಳೆತದ ಲೆಕ್ಕ ತಪ್ಪಿತು. ನಾಲ್ಕು ಎಳೆತಕ್ಕೆ ಏಳುತ್ತಿದ್ದವರು ಎರಡಕ್ಕೇ ಎದ್ದರು, ಮೂರಕ್ಕೆ ಏಳುತ್ತಿದ್ದವರು ಯಾರೋ ಸೀನಿದ್ದಕ್ಕೂ ಎದ್ದರು. ಆದರೂ ತಾಳ ಕೂಡಲಿಲ್ಲ. ಇಷ್ಟು ತಲೆಮಾರು ಬೇರೆ ಬೇರೆ ತೂಗಿದ ಜನ, ಹೇಳಿದ ಕೂಡಲೇ ಒಂದಾಗುತ್ತಾರೆಯೇ? ಯಜಮಾನ ಚೌಕದಲ್ಲಿ ನಿಂತು ಕೋಲು ಬಡಿದ, ಗದರಿದ, ಬೇಡಿಕೊಂಡ. ಗೆರೆಗಾರನಿಗೆ, ಬಟ್ಟೆ ಹಿಡಿದುಕೊಂಡು ಕೂಡಲೇ ಬರತಕ್ಕದ್ದು ಎಂದು ಓಲೆಯನ್ನೂ ಕಳಿಸಿದ.

ನಾಲ್ಕನೆಯ ದಿನ ಬೆಳಿಗ್ಗೆ, ಹೆಬ್ಬಾಗಿಲ ಬೀದಿಯಲ್ಲಿ ಬೆಲ್ಲ ಸುಟ್ಟ ವಾಸನೆ ಬಂತು.

"ಯಾರ ಮನೇಲಿ ಪಾಕ ಹತ್ತಿತ್ರೇ?" ಎಂದಳೊಬ್ಬಳು. ಯಾರ ಮನೆಯಲ್ಲೂ ಒಲೆಯೇ ಹಚ್ಚಿರಲಿಲ್ಲ. ವಾಸನೆ ಮಾತ್ರ ಗಮ್ಮೆನ್ನುತ್ತಿತ್ತು. ಆ ಬೀದಿಯ ಕೆಲಸವೇ ವಾಸನೆ ತಿಳಿಯುವುದು, ನೋಡಿ. ಬೀದಿ ತನ್ನಷ್ಟಕ್ಕೆ ತೂಗಿದರೆ ಇಲ್ಲದ ಬೆಲ್ಲವೂ ಸುಡುತ್ತದೆ. ಅಡ್ಡಗಾಲಮ್ಮನ ಖಾಲಿ ಕಟ್ಟೆಯ ಸುತ್ತಲಿನ ಐದು ಮಣೆಗಳು ಒಟ್ಟಿಗೆ ಹೋದವು, ಒಟ್ಟಿಗೆ ಬಂದವು. ಮತ್ತೆ ಒಟ್ಟಿಗೆ ಹೋದವು, ಒಟ್ಟಿಗೆ ಬಂದವು. ಅಡ್ಡ ಬರುವ ಕಾಲಿರಲಿಲ್ಲ. ಐದು ಮಣೆಯ ಎಳೆತ ಒಮ್ಮೆಲೇ ಬಂದರೆ ಆರನೆಯವನು ಏನು ಮಾಡಿಯಾನು? ಅವನೂ ಎದ್ದ. ಆರು ಐವತ್ತಾಯಿತು. ಐವತ್ತು ಬೀದಿಯಾಯಿತು. ಬೀದಿ ತಿರುವು ದಾಟಿತು, ಮಡಿಕೆ ಹಾರಿತು, ಊರಿನ ಎಡಭಾಗವನ್ನೂ ಬಲಭಾಗವನ್ನೂ ಕೂಡಿಸುವ ಸೇತುವೆಯ ಮೇಲೆ ಓಡಿತು.

ಆಮೇಲೆ ಊರೆಲ್ಲ ಒಟ್ಟಿಗೆ ಜೀಕಿತು.

"ಬಂತು! ಬಂತು! ಒಂದೇ ತಾಳ!" ಎಂದು ಯಜಮಾನ ಕುಣಿದ. ಅವನು ಕುಣಿದದ್ದು ಅಷ್ಟೇ ಹೊತ್ತು. ಮರುಕ್ಷಣಕ್ಕೆ ಅವನ ಮಣೆಯೇ ಬಂದು ಹಿಂದಿನಿಂದ ಅವನನ್ನು ಎತ್ತಿ ಕೂರಿಸಿಕೊಂಡಿತು.

ಊರೆಲ್ಲ ಒಟ್ಟಿಗೆ ಹೋಯಿತು, ಊರೆಲ್ಲ ಒಟ್ಟಿಗೆ ಬಂತು. ಬಾವಿಯ ಬಿಂದಿಗೆಗಳೆಲ್ಲ ಒಮ್ಮೆಲೇ ಮೇಲೆ ಬಂದು ಒಮ್ಮೆಲೇ ಬಿದ್ದವು; ಒಂದು ಹನಿ ನೀರು ಯಾರಿಗೂ ಸಿಗಲಿಲ್ಲ. ಊರೆಲ್ಲ ಒಟ್ಟಿಗೆ ಹೋಯಿತು, ಊರೆಲ್ಲ ಒಟ್ಟಿಗೆ ಬಂತು. ತೆರೆಯುವ ಮಣೆ, ಮುಚ್ಚುವ ಮಣೆ ಎರಡೂ ಜಗ್ಗಾಡಿ ಹೆಬ್ಬಾಗಿಲು ಹಲ್ಲು ಕಡಿದಂತೆ ಕಟಕಟಿಸಿತು. ಮಾತಿನ ಬೀದಿಯಿಂದ ಮಾತಲ್ಲ, ಒಂದೇ ಒಂದು ಕೂಗು ಎದ್ದಿತು, ಆಮೇಲೆ ಅದೂ ಇಲ್ಲ. ನೆನಪಿನ ಬೀದಿ ಸಾವಿರ ನಿನ್ನೆಗಳನ್ನು ಒಟ್ಟಿಗೆ ಎತ್ತಿ ಒಟ್ಟಿಗೆ ಚೆಲ್ಲಿತು. ಇಳಿಯಬೇಕೆಂದವರು ಇಳಿಯಲಾರರು: ನಿಮ್ಮನ್ನು ಊರು ಎಳೆಯುತ್ತದೆ, ಊರನ್ನು ನೀವು ಎಳೆಯುತ್ತೀರಿ. ಕೆಲಸ ಮಾಡದೆ ಇದ್ದವರು ಒಬ್ಬರೂ ಇರಲಿಲ್ಲ, ಆದ ಕೆಲಸ ಒಂದೂ ಇರಲಿಲ್ಲ.

ಸುತ್ತಲಿನ ಗುಡ್ಡಗಳ ಮೇಲೆ ಎರಡು ಊರುಗಳು. ಅವರಿಗೆ ಇದೆಲ್ಲ ಚೆನ್ನಾಗಿ ಕಾಣುತ್ತಿತ್ತು. ನೆರೆಯವರಲ್ಲವೇ, ನೆರವಿಗೆ ಓಡಿ ಬಂದರು. ಒಂದೂರಿನವರು, "ಕಬ್ಬಿಣ ಹಿಡಿಸಿ! ಬೀಗದಕೈ ಹಿಡಿಸಿ!" ಎಂದು ಕೋಟೆಯ ಮೇಲಿಂದ ಬೀಗದಕೈ ಗೊಂಚಲುಗಳನ್ನು ಎಸೆಯತೊಡಗಿದರು. ಇನ್ನೊಂದೂರಿನವರು ಈರುಳ್ಳಿ ಎಸೆದರು, "ಮೂಸಲಿ! ಮೂಸಲಿ!" ಎಂದು. ಕಟಕಟ ಎನ್ನುವ ಬಾಗಿಲಿನ ಸಂದಿಗೆ ಯಾರೋ ಸೌಟು ತುರುಕಿದರು. ಸೌಟು ಎರಡು ತುಂಡಾಯಿತು, ಬಾಗಿಲ ಅಂಚಿನ ಹಲಗೆಯೊಂದು ಮುರಿದುಬಿತ್ತು. ಒಬ್ಬ ಪೈಲ್ವಾನ ಒಳಗೆ ನುಗ್ಗಿ, "ನಾನು ಹಿಡೀತೀನಿ ಬಿಡ್ರೋ" ಎಂದು ಒಂದು ಮಣೆಯನ್ನು ಅಪ್ಪಿ ಹಿಡಿದ. ಮಣೆ ನಿಲ್ಲಲಿಲ್ಲ. ಅವನ ರಟ್ಟೆಯ ಕೀಲು ಜಾರಿತು.

ಅಡ್ಡಗಾಲಮ್ಮ ಎದ್ದಳು. ಬಾಗಿಲು ಕಟಕಟಿಸುವುದನ್ನು ನಾಲ್ಕು ಸಲ ನೋಡಿದಳು, ಐದನೆಯ ಸಲ ತೆರೆದಾಗ ಒಳಗೆ ಜಾರಿದಳು. ಒಳಗೆ ಬಂದವಳು ಮೊದಲು ಮಾಡಿದ ಕೆಲಸ, ಮಡಿಲಿನಿಂದ ಒಂದು ಎಲೆ ತೆಗೆದು ಅಡಿಕೆಯಿಟ್ಟು ಬಾಯಿಗೆ ಹಾಕಿಕೊಂಡದ್ದು.

"ಅಯ್ಯೋ ಮುದುಕೀ! ಊರು ಹಾರಿಹೋಗ್ತಿದೆ, ನಿನಗೆ ಎಲೆಯಡಿಕೆ!" ಎಂದ ಪೈಲ್ವಾನ, ಭುಜ ಹಿಡಿದು ನೆಲದ ಮೇಲೆ ಕೂತಲ್ಲಿಂದಲೇ.

"ಹೊತ್ತು ನೋಡ್ತಿದೀನಿ ಕಣಪ್ಪಾ. ಎಲೆ ರಸ ಬಿಡೋ ಹೊತ್ತಿಗೆ ತಾನಾಗಿ ನಿಲ್ಲುತ್ತೆ. ಎರಡನೇ ಎಲೆಯೂ ಮುಗಿದರೆ ಆಗ ಗಾಬರಿ ಬೀಳೋಣ, ಗೆರೆಗಾರನ್ನ ಕೂಗೋಣ. ನೀನು ಮಾತ್ರ ಯಾವುದನ್ನೂ ಹಿಡೀಬೇಡ."

"ನೀನೇ ಒಂದು ಕಾಲು ಅಡ್ಡ ಇಡಬಾರದಾ ಮತ್ತೆ?"

"ಒಂದು ಮಣೆ ಹೊರಟಾಗ ಇಡೋ ಕಾಲು ಇದು. ಊರೇ ಹೊರಟ ಮೇಲೆ ಇಟ್ಟರೆ ಕಾಲೂ ಹೋಗುತ್ತೆ, ಮಣೆ ಮೇಲಿರೋರೂ ಹೋಗ್ತಾರೆ."

ಅವಳು ಮನೆಯಿಂದ ಮನೆಗೆ ನಡೆದಳು. ಜೀಕುವವರನ್ನು ಮುಟ್ಟಲಿಲ್ಲ. ಮಣೆ ಬಂದು ಬಡಿಯುವ ಕಡೆಯಿದ್ದ ಒರಳು, ಒನಕೆ, ಈಳಿಗೆಮಣೆ ಎಲ್ಲವನ್ನೂ ಪಕ್ಕಕ್ಕೆಳೆದಳು. ಕೆಳಗೆ ಹಾಸಿಗೆ ಸುರುಳಿ ಬಿಚ್ಚಿ ಹಾಸಿದಳು. ಮೇಲಿಂದ ಬೀಳುವ ಬೀಗದಕೈಗಳಿಗೆ ಬೈದಳು. ಮಗಳ ಮನೆಗೆ ಬಂದಾಗ ಮಗಳು ಮಣೆಯ ಮೇಲೆ ಬಿಳಿಗಣ್ಣು ಬಿಟ್ಟು ಹೋಗುತ್ತಿದ್ದಳು, ಬರುತ್ತಿದ್ದಳು. ತಾಯಿ ಎದುರಿಗೇ ನಿಂತಿದ್ದರೂ ಕಾಣುತ್ತಿರಲಿಲ್ಲ. ತೊಟ್ಟಿಲೂ ಹೋಗುತ್ತಿತ್ತು, ಬರುತ್ತಿತ್ತು. ಒಳಗಿನ ಕೂಸಿನ ಬಾಯಿ ತುಂಬ ಹಾಲು. ಅಡ್ಡಗಾಲಮ್ಮ ತೊಟ್ಟಿಲನ್ನು ನಿಲ್ಲಿಸಲಿಲ್ಲ. ಅದರ ಜೊತೆಗೇ ಮುಂದಕ್ಕೆ ಓಡಿದಳು, ಜೊತೆಗೇ ಹಿಂದಕ್ಕೆ ಓಡಿದಳು. ಓಡುತ್ತಲೇ ಕೈ ಇಳಿಸಿ, ಕೂಸನ್ನು ಮೆಲ್ಲಗೆ ಮಗ್ಗುಲಿಗೆ ತಿರುಗಿಸಿದಳು. ಹಾಲು ಕಟವಾಯಿಂದ ಹೊರಗೆ ಹರಿಯಿತು. ಕೂಸು ಕೆಮ್ಮಿತು, ಉಸಿರೆಳೆದು ಅತ್ತಿತು. ಊರಿನಲ್ಲಿ ತನ್ನದೇ ಲಯದಲ್ಲಿ ಅಳುತ್ತಿದ್ದದ್ದು ಅದೊಂದೇ.

ಎಲೆ ರಸ ಬಿಟ್ಟಿತು. ಅಲ್ಲೊಬ್ಬನ ರಟ್ಟೆ ಸೋತಿತು. ಇಲ್ಲೊಬ್ಬಳ ಕಾಲು ಸೋತಿತು. ಸೋಲು ಎಲ್ಲರಿಗೂ ಒಂದೇ ತಾಳಕ್ಕೆ ಬರುವುದಿಲ್ಲವಲ್ಲ, ಅದೇ ಪುಣ್ಯ. ಜೀಕು ಜೀಕಿನ ನಡುವೆ ಸಂದು ಬಿತ್ತು, ಸಂದು ಹಿಗ್ಗಿತು, ಒಂದು ದೊಡ್ಡ ಜೀಕು ಬಂದು ತೊಲೆ ನಿಟ್ಟುಸಿರಿಟ್ಟಿತು. ಆಮೇಲೆ ಏನೂ ಇಲ್ಲ. ಇದ್ದವರೆಲ್ಲ ಇದ್ದಲ್ಲಿಯೇ ಹಾಸಿಗೆಯ ಮೇಲೆ ಜಾರಿಬಿದ್ದು ಗೊರಕೆ ಹೊಡೆದರು. ಅವಳು ಒಬ್ಬೊಬ್ಬರನ್ನೂ ಕೂಸಿನ ಹಾಗೆಯೇ ಮಗ್ಗುಲಿಗೆ ಹೊರಳಿಸುತ್ತಾ ಹೋದಳು. ಬಡ್ತಿ ಪಡೆದ ಅಡ್ಡಗಾಲಿನವರನ್ನು ಹೊರಳಿಸುವಾಗ ಮಾತ್ರ ಸ್ವಲ್ಪ ಜೋರಾಗಿಯೇ ಹೊರಳಿಸಿದಳಂತೆ.

ಬಿಸಿಲು ಏರುವ ಹೊತ್ತಿಗೆ ಒಬ್ಬೊಬ್ಬರೇ ಎದ್ದರು. ಮೈಯೆಲ್ಲ ನೋವು, ನಾಲಿಗೆ ಕಚ್ಚಿಹೋಗಿತ್ತು, ತಮ್ಮ ಹೆಸರೇ ತಮಗೆ ಬಾರದು. "ನಾನು ಯಾರು?" ಎಂದು ಕೇಳಿದವರಿಗೆ ಅವಳು ತಾಳ್ಮೆಯಿಂದ, "ನೀನು ಬಾವಿ ಮನೆಯವನು. ಜೀಕೋದರಲ್ಲಿ ಸೋಮಾರಿ. ಮಲಕ್ಕೋ" ಎನ್ನುವಳು. ಯಜಮಾನ ಎದ್ದು, "ನಾನು ಯಾರು?" ಎಂದು ಕೇಳಿದಾಗ ಅವಳು ಸ್ವಲ್ಪ ಯೋಚಿಸಿ, "ನಿಧಾನವಾಗಿ ನೆನಪಾಗಲಿ ಬುದ್ಧಿ, ಅವಸರ ಏನಿಲ್ಲ" ಎಂದಳು.

ಎಲ್ಲರಿಗೂ ತುಸು ತಿಳಿವು ಬರುವಷ್ಟರಲ್ಲಿ ಹೆಬ್ಬಾಗಿಲ ಬಳಿ ಜಗಳ.

"ನಮ್ಮ ಬೀಗದಕೈಯಿಂದಲೇ ನಿಂತಿದ್ದು. ಎಸೆದೆವು, ನಿಂತಿತು!"

"ಈರುಳ್ಳಿ ಬಿದ್ದ ಮೇಲೆ ನಿಂತಿದ್ದು ಕಣ್ರೀ. ನಿಮ್ಮ ಬೀಗದಕೈ ಎಷ್ಟು ಜನದ ತಲೆ ಒಡೆದಿದೆ ನೋಡಿ ಹೋಗಿ."

"ಬುಟ್ಟಿ ಇಲ್ಲಿ ತನ್ನಿ, ಮುಂದಿನ ಸಲಕ್ಕೆ ಬೇಕಾಗುತ್ತೆ."

ಅಷ್ಟರಲ್ಲಿ ಓಲೆ ತಲುಪಿದ್ದ ಗೆರೆಗಾರ ಮುಂದೆ ಬಂದ. ಅವನು ಕೋಟೆ ತಲುಪಿದಾಗ ಊರು ಇನ್ನೂ ಜೀಕುತ್ತಿತ್ತಂತೆ. ಕೋಟೆಯ ಹೊರಗೆ ತೊಲೆಯ ತುದಿ ಚಾಚಿಕೊಂಡಿರುವ ಕಡೆ ಕಡ್ಡಿ ಕಟ್ಟಿ, ತನ್ನ ಕೆಲಸ ತಾನು ಮಾಡಿದ್ದ. ಈಗ ಬಟ್ಟೆ ಬಿಚ್ಚಿ ಹಾಸಿದ. ಊರೆಲ್ಲ ಬಗ್ಗಿ ನೋಡಿತು. ಒಂದೇ ಎತ್ತರ, ಒಂದೇ ಅಗಲ, ಗೋಪುರದ ಪಕ್ಕ ಗೋಪುರ, ಗೋಪುರದ ಪಕ್ಕ ಗೋಪುರ. ಕಡೆಗೆ ಬಟ್ಟೆಯ ಅಂಚಿನವರೆಗೂ ಒಂದು ಸಪ್ಪಟೆ ಗೆರೆ.

"ಆಹಾ," ಎಂದ ಯಜಮಾನ. ಅವನಿಗೆ ತಾನು ಯಾರೆಂಬುದು ಆಗ ನೆನಪಾಯಿತು. "ಎಷ್ಟು ಅಂದವಾಗಿದೆ!"

"ಅಂದವೇನೋ ಹೌದು ಯಜಮಾನರೇ. ಅವತ್ತು ಹೇಳೋದಕ್ಕೆ ಹೊರಟಿದ್ದೆ, ನೀವು ಎದ್ದು ಹೋದಿರಿ. ಇದು ಕಾಯಿಲೆ. ಎಲ್ಲ ಕೆಟ್ಟು ಚೆಲ್ಲಾಪಿಲ್ಲಿಯಾದಾಗ ಬರೋ ಕಾಯಿಲೆ ಅಲ್ಲ. ಎಲ್ಲ ಒಂದಾದಾಗ ಬರೋದು. ನಿಮ್ಮ ಕೋಳಿ ಕೆದಕಿದ ಗೆರೇಲಿ ಒಬ್ಬೊಬ್ಬರೂ ಒಂದೊಂದು ಮಾತಾಡ್ತಿದ್ದರು. ಇದರಲ್ಲಿ ಯಾರೂ ಏನೂ ಹೇಳ್ತಿಲ್ಲ, ಬರೀ ಜೋರಾಗಿ ಹೇಳ್ತಿದಾರೆ."

"ಮದ್ದೇನು?"

"ತಡೆಯೋ ಕಾಲು ಮೊದಲು ಕಟ್ಟೆ ಮೇಲೆ ಬರಲಿ."

ಎಲ್ಲರ ಬಾಯಲ್ಲೂ ಅಡ್ಡಗಾಲಮ್ಮನ ಹೆಸರು ಬಂತು. ಎಲ್ಲಿ ಎಂದು ನೋಡಿದರೆ, ಅವಳು ಊರೆಲ್ಲ ಎದ್ದದ್ದನ್ನು ಖಾತ್ರಿ ಮಾಡಿಕೊಂಡು, ಒಳಗಿರಲು ತನಗೆ ಅಪ್ಪಣೆ ಇಲ್ಲವೆಂದು ಮುರಿದ ಬಾಗಿಲ ಹೊರಗೆ ಹೋಗಿ ಮೊದಲಿನ ಹಾಗೆಯೇ ಕೂತಿದ್ದಳು. ಊರು ಬಾಗಿಲ ಬಳಿ ನೆರೆಯಿತು. "ಅವಳು ಬರಲಿ!" ಎಂದಿತು ಊರು. ಎಲ್ಲ ಕೈಗಳೂ ಒಟ್ಟಿಗೆ ಮೇಲೆದ್ದವು, ಒಟ್ಟಿಗೆ ಇಳಿದವು. "ಬರಲಿ! ಬರಲಿ! ಬರಲಿ!" ಯಜಮಾನ ಮಾತ್ರ ಗೆರೆಯ ಬಟ್ಟೆ ಮಡಚುತ್ತಿದ್ದ.

ಅಡ್ಡಗಾಲಮ್ಮ ಕಿವಿ ಮುಚ್ಚಿಕೊಂಡಳು. "ನಾನು ಬರಲ್ಲ."

"ಅಮ್ಮಾ!" ಮಗಳು ಕೂಸನ್ನು ಎತ್ತಿಕೊಂಡು ಮುಂದೆ ಬಂದಳು. "ಊರಿಗೆ ಊರೇ ಕರೀತಿದೆಯಲ್ಲಮ್ಮ. ಇನ್ನೇನು ಬೇಕು ನಿಂಗೆ?"

"ಅದೇ ಕಣೇ ತೊಂದರೆ. ಅವರ ಕೈ ಹೋಗೋದು ನೋಡು, ಬರೋದು ನೋಡು. ಬೆಳಿಗ್ಗೆ ನೋಡಿದ್ದೂ ಇದೇನೇ. ಇಷ್ಟು ಜನದಲ್ಲಿ ಒಬ್ಬರಾದರೂ ಬೇರೆ ಮಾತಾಡಲಿ, ಬರ್ತೀನಿ. ಇಲ್ಲದಿದ್ದರೆ ನಾನು ಬಂದು ಕೂತು ಮಾಡೋದೇನು? ನನ್ನನ್ನೂ ಜೀಕಿಸಿಬಿಡ್ತಾರೆ."

ಇದು ಊರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಮೊದಲು ಅರ್ಥವಾದದ್ದು ಮಗಳಿಗೆ. ಅವಳು ಕಣ್ಣೊರೆಸಿಕೊಂಡು, "ಹಾಗಾದರೆ ನಾನು ಹೇಳ್ತೀನಿ, ನಮ್ಮಮ್ಮ ಬರೋದು ಬೇಡ!" ಎಂದಳು.

"ನೀನು ನನ್ನ ಒಳಗೆ ಕರಕೊಳ್ಳೋದಕ್ಕೆ ಬೇಡ ಅಂತಿದೀಯ. ಅದು ಬೇಡ ಅಲ್ಲ, ಹೂಂ."

ಆದರೆ ಮಗಳ ಮಾತು ಕೇಳಿ ಪಕ್ಕದವನಿಗೂ ಹೊಳೆಯಿತು. ಅವನೂ, "ಬೇಡ!" ಎಂದ. ಅವನ ಪಕ್ಕದವಳೂ ಎಂದಳು. ಐದು ಜನ ಎಂದರು, ಆರನೆಯವನು ಏನು ಮಾಡಿಯಾನು? ಬೇರೆ ಮಾತು ಬೇಕಾಗಿದೆ ಎಂದು ಊರಿಗೆಲ್ಲ ಗೊತ್ತಾಗಿಬಿಟ್ಟಿತು. ಊರೆಲ್ಲ ಎದೆ ತುಂಬಿ, ಕೈಯೆತ್ತಿ, ಒಂದೇ ಕೊರಳಲ್ಲಿ ಕೂಗಿತು: "ಬೇಡ! ಬೇಡ! ಬೇಡ! ಅವಳು ಬೇಡ!"

ಗೆರೆಗಾರ ತಲೆಯ ಮೇಲೆ ಕೈಹೊತ್ತು ಕೂತ. ತೊಲೆ ಕಿರ್ರೆಂದಿತು. ತೊಲೆಯಲ್ಲೇ ಉಳಿದಿದ್ದ ಗೆರೆಗಾರನ ಕಡ್ಡಿಯ ತುದಿ ಕೆಳಗಿನ ಧೂಳಿನಲ್ಲಿ ಮೆಲ್ಲಗೆ ಒಂದು ಗೋಪುರ ಬರೆಯಿತು. ಪಕ್ಕದಲ್ಲಿ ಇನ್ನೊಂದು ಬರೆಯಿತು. ಅಡ್ಡಗಾಲಮ್ಮ ಕೂಸಿನ ಮುಖವನ್ನು ಒಮ್ಮೆ ನೋಡಿ, ಎದ್ದು, ಹೊರಡಲು ಬೆನ್ನು ತಿರುಗಿಸಿದಳು.

"ನಿಲ್ಲಿಸ್ರೋ!"

ಯಜಮಾನ. ಅವನ ಮೀಸೆಯ ಒಂದು ತುದಿ ಮೇಲೆ, ಒಂದು ತುದಿ ಕೆಳಗೆ. ಬೆಳಗಿನಿಂದ ಅವನಿಗೆ ಯಾರೂ ಮರ್ಯಾದೆ ಕೊಟ್ಟಿರಲಿಲ್ಲ. ಅಂದದ ಗೆರೆಯನ್ನು ಕಾಯಿಲೆ ಎಂದರು. ತನ್ನನ್ನು ಕೇಳದೆ ಬರಲಿ ಎಂದರು. ಈಗ ತನ್ನನ್ನು ಕೇಳದೆ ಬೇಡ ಎನ್ನುತ್ತಿದ್ದಾರೆ. ಯಜಮಾನ ನಾನೋ ಇವರೋ?

"ಬೇಡ ಅನ್ನೋದಕ್ಕೆ ನೀವು ಯಾರ್ರೀ? ಅವಳನ್ನ ಹೊರಗೆ ಹಾಕಿದ್ದು ನಾನು! ನಿಮಗೆಲ್ಲ ಬೇಡ ಅಂದಮೇಲೆ, ಹೋಗ್ರಿ, ನನಗೆ ಬೇಕು! ಬರ್ತಾಳೆ! ಬಂದೇ ಬರ್ತಾಳೆ! ಏಯ್ ಮುದುಕೀ, ಬಾ ಒಳಗೆ!"

ಊರು ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಒಬ್ಬ, "ಅದು ಹೇಗಾಗುತ್ತೆ?" ಎಂದ. ಇನ್ನೊಬ್ಬ, "ಆಗಲಿ ಬಿಡೋ" ಎಂದ. ಮತ್ತೊಬ್ಬಳು, "ಇವರಿಗೇನು ಬಂತು ಈಗ?" ಎಂದಳು. ಮಾತಿಗೆ ಮಾತು ಸಿಕ್ಕಿ ಗಲಾಟೆಯೋ ಗಲಾಟೆ. ಗೆರೆಗಾರನ ಕಡ್ಡಿ ಅತ್ತ ಹೋಯಿತು, ಇತ್ತ ಬಂತು, ಕೋಳಿಯ ಹಾಗೆ ಕೆದಕತೊಡಗಿತು.

ಅಡ್ಡಗಾಲಮ್ಮ ಒಳಗೆ ಬಂದಳು. ಕೂಸಿನ ಕೆನ್ನೆ ಮುಟ್ಟಿದಳು. ಕಟ್ಟೆಗೆ ಹೋಗಿ ಧೂಳು ಕೊಡವಿ ಕೂತಳು.

ಯಜಮಾನ ಊರನ್ನೆಲ್ಲ ಸೋಲಿಸಿದ ಹಿಗ್ಗಿನಲ್ಲಿ, ಅವಳ ಕಟ್ಟೆಯ ಪಕ್ಕದ ಮಣೆಯೊಂದರ ಮೇಲೆ ಹಾರಿ ಕೂತು, ಕಾಲು ಒದ್ದು ಜೀಕಿದ. ಮಣೆ ಗಾಳಿ ಸೀಳಿಕೊಂಡು ಬಾಗಿಲಾಚೆ ಬಂತು, ಬಂದದ್ದು ಗಕ್ಕನೆ ನಿಂತಿತು. ಯಜಮಾನ ಮುಗ್ಗರಿಸಿ ಹಗ್ಗ ಹಿಡಿದುಕೊಂಡ.

"ಅಲ್ಲಾ ಕಣಮ್ಮ! ಊರೆಲ್ಲ ಬೇಡ ಅಂದಾಗ ನಿನ್ನ ಪರ ನಿಂತವನು ನಾನೊಬ್ಬನೇ. ಮೊದಲು ನನಗೇ ಕಾಲು ಕೊಡ್ತೀಯಲ್ಲ!"

"ಮತ್ತೆ ಇನ್ಯಾರಿಗೆ ಕೊಡಲಿ?" ಎಂದಳು ಅಡ್ಡಗಾಲಮ್ಮ, ಕಾಲು ತೆಗೆಯದೆ. "ಇವತ್ತು ಎಲ್ಲರಿಗೂ ನಿಮ್ಮ ಹಾಗೇ ಜೀಕಬೇಕು ಅನ್ನಿಸ್ತಿದೆ."